ಗ್ಯಾಲರಿ ಚೌಡಮ್ಮ

ಚೌಡಮ್ಮ ಯಾರನ್ನೂ ಕ್ಷಮಿಸುತ್ತಿರಲಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ಕೆಲವರಿಗೆ ಹಾಡು ಒಲಿಯುತ್ತದೆ, ಕೆಲವರಿಗೆ ಕೈಗುಣ ಇರುತ್ತದೆ, ಹಾಗೆ ಅವಳಿಗೆ ಸೇಡು ಒಲಿದಿತ್ತು. ಶಿವಮೊಗ್ಗದ ದೊಡ್ಡಪೇಟೆಯ ದರ್ಜಿಯೊಬ್ಬ ಅವಳ ಕುಪ್ಪಸದ ತೋಳನ್ನು ಬಿಗಿಯಾಗಿ ಹೊಲಿದು, ಕೇಳಿದ್ದಕ್ಕೆ ನೀನೇ ದಪ್ಪ ಆಗಿದ್ದೀಯ ಎಂದು ನಕ್ಕಿದ್ದನಂತೆ. ಅಂದಿನಿಂದ ಒಂದು ಕುಪ್ಪಸ ಹೊಲಿಸಬೇಕಾದರೂ ಅವಳು ಭದ್ರಾವತಿಗೆ ಹೋಗುತ್ತಿದ್ದಳು. ಹೋಗುವಾಗ ಸುತ್ತುದಾರಿಯಾದರೂ ಸರಿ, ಆ ದರ್ಜಿಯ ಅಂಗಡಿಯ ಮುಂದೆಯೇ ಬಟ್ಟೆಯ ಗಂಟು ಎದ್ದು ಕಾಣುವಂತೆ ಹಿಡಿದು ನಡೆಯುತ್ತಿದ್ದಳು. ಪಕ್ಕದ ಮನೆಯ ನಾಯಿ ಒಮ್ಮೆ ಅವಳ ಕೈ ಕಚ್ಚಿತ್ತು. ಆ ನಾಯಿ ಸತ್ತು, ಅದರ ಮರಿ ಬೆಳೆದು ಬಾಲ ಅಲ್ಲಾಡಿಸುತ್ತ ಬಳಿಗೆ ಬಂದಾಗ, "ಹೋಗು, ನಿಮ್ಮಮ್ಮ ಏನು ಮಾಡಿದ್ಲು ಅಂತ ಕೇಳ್ಕೊಂಡು ಬಾ" ಎಂದು ಅದನ್ನು ಅಟ್ಟಿದ್ದನ್ನು ನಾನೇ ನೋಡಿದ್ದೇನೆ.

ಮರೆತುಬಿಡಬಾರದೇ ಚೌಡಕ್ಕ ಎಂದು ಒಮ್ಮೆ ಕೇಳಿದ್ದೆ.

"ಹಲ್ಲಿನ ಸಂದೀಲಿ ಅಡಿಕೆ ಚೂರು ಸಿಕ್ಕಂಡ್ರೆ ನಾಲ್ಗೆ ಸುಮ್ನಿರುತ್ತಾ ಮಾರಾಯ? ತೆಗೆಯೋವರೆಗೂ ಅಲ್ಲಿಗೇ ಹೋಗ್ತಿರುತ್ತೆ. ನಾನೇನು ಬೇಕು ಅಂತ ಇಟ್ಕೊಂಡಿದ್ದೀನಾ?" ಎಂದಳು.

ಕಪ್ಪಗೆ, ಗಿಡ್ಡಗೆ, ಗಟ್ಟಿಯಾಗಿದ್ದ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು ಬಯಲಿನ ನಡುವೆ ನಿಂತಳೆಂದರೆ ಸುತ್ತ ಕೆಲಸ ಮಾಡುವವರಿಗೆ ತಲೆ ಎತ್ತದೆಯೇ ಅವಳು ಎಲ್ಲಿದ್ದಾಳೆಂದು ಗೊತ್ತಾಗುತ್ತಿತ್ತು. ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಕುಸ್ತಿ ನಡೆಯಲಿ, ಸರ್ಕಸ್ಸು ಬರಲಿ, ಕಾರ್ಖಾನೆಯ ಬಯಲಿನಲ್ಲಿ ಫುಟ್‌ಬಾಲ್ ಪಂದ್ಯವಿರಲಿ, ಡೇರೆ ಹಾಕುವುದಕ್ಕೆ, ಬೇಲಿ ಕಟ್ಟುವುದಕ್ಕೆ, ನೆಲಕ್ಕೆ ನೀರು ಚಿಮುಕಿಸುವುದಕ್ಕೆ, ಗೇಟಿನಲ್ಲಿ ನಿಲ್ಲುವುದಕ್ಕೆ, ಆಮೇಲೆ ಎಲ್ಲವನ್ನೂ ಗುಡಿಸಿ ತೆಗೆಯುವುದಕ್ಕೆ ಜನ ಬೇಕು. ಆ ಜನ ವರ್ಷವಿಡೀ ಬೇಕಾಗುವವರಲ್ಲ. ಅಡಿಕೆ ಸುಲಿತ ಮುಗಿಸಿ ಕೈ ಖಾಲಿಯಾದ ಹೆಂಗಸರು, ಗದ್ದೆ ಕೊಯ್ಲು ಮುಗಿಸಿದ ಗಂಡಸರು, ಭದ್ರಾವತಿಯ ಕಾರ್ಖಾನೆಯಲ್ಲಿ ಪಾಳಿ ಇಲ್ಲದ ದಿನದ ಕೂಲಿಗಳು, ಅವರ ಮನೆಯ ತಮಿಳು ಹೆಂಗಸರು, ಇಂಥವರನ್ನೆಲ್ಲ ಕೂಡಿಸಿ ಕೆಲಸಕ್ಕೆ ನಿಲ್ಲಿಸುವ ಮೇಸ್ತ್ರಿ ಚೌಡಮ್ಮ. ನೋಡಲು ಬಂದವರು ಕೂರಲು ಬಿದಿರು ಮತ್ತು ಸೀಳಿದ ಅಡಿಕೆ ಮರದ ದಬ್ಬೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಗ್ಯಾಲರಿ ಕಟ್ಟಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅದಕ್ಕೇ ಆ ಹೆಸರು.

ನಾನು ದೊಡ್ಡಪೇಟೆಯ ಜವಳಿ ಅಂಗಡಿಯಲ್ಲಿದ್ದೆ. ಅಂಗಡಿಗೆ ರಜ ಹಾಕಿ ಅವಳ ಕಡೆಯಿಂದ ಗೇಟಿನಲ್ಲಿ ಟಿಕೆಟ್ಟು ಹರಿಯಲು ನಿಲ್ಲುತ್ತಿದ್ದೆ. ಹಾಗಾಗಿ ಅವಳು ಜನರನ್ನು ಹೇಗೆ ನಡೆಸುತ್ತಿದ್ದಳೆಂಬುದನ್ನು ಹತ್ತಿರದಿಂದ ನೋಡಿದೆ. ಜಗಳವಾಡಿದ ಓರಗಿತ್ತಿಯರಿದ್ದರೆ ಒಬ್ಬಳು ನೀರಿಗೆ, ಇನ್ನೊಬ್ಬಳು ಬೇಲಿಯ ಆಚೆ ಕೊನೆಗೆ. ಹಾಲು ಕುಡಿಸುವ ತಾಯಿಗೆ ನೆರಳಿನಲ್ಲಿ ಚಪ್ಪಲಿ ಕಾಯುವ ಕೆಲಸ. ಕೆಮ್ಮು ಇದ್ದವರಿಗೆ ಪೊರಕೆ ಕೊಡುತ್ತಿರಲಿಲ್ಲ. ಸಿಟ್ಟಿನ ಗಂಡಸರನ್ನು ಗೂಟ ಹೊಡೆಯಲು ಹಾಕುತ್ತಿದ್ದಳು. ಹೆಂಡತಿಯ ಮೇಲೆ ಹೋಗೋದು ಗೂಟದ ಮೇಲೆ ಹೋಗ್ಲಿ ಎನ್ನುತ್ತಿದ್ದಳು.

ಮಳೆಗಾಲದಲ್ಲಿ ಯಾವ ಆಟವೂ ಇಲ್ಲ, ಯಾರಿಗೂ ಅವಳಿಂದ ಕೆಲಸವಿಲ್ಲ. ಆಗಲೇ ಅವಳು ಹೆಚ್ಚು ತಿರುಗುತ್ತಿದ್ದುದು. ಮಳೆಗೆ ಎಲೆಯ ಗೊರಬು ಹೊದ್ದು, ಮಡಿಲಲ್ಲಿ ಒಂದಿಷ್ಟು ಹುರುಳಿಯೋ ಹಲಸಿನ ಹಪ್ಪಳವೋ ಕಟ್ಟಿಕೊಂಡು ಕೇರಿ ಕೇರಿಗೆ ಹೋಗಿ, ಯಾರ ಮನೆಯಲ್ಲಿ ಜ್ವರ, ಯಾರ ಮಗಳು ಬಸುರಿ, ಯಾರ ಗಂಡ ಓಡಿಹೋದ ಎಂದು ಕೇಳಿಕೊಂಡು ಬರುತ್ತಿದ್ದಳು. ಕೆಲಸವಿಲ್ಲದಾಗ ಯಾಕಕ್ಕ ಈ ತಿರುಗಾಟ ಎಂದರೆ, "ಮಳೇಲಿ ಮುಖ ನೋಡದೋರು ಬಿಸಿಲಲ್ಲಿ ಕರೆದ್ರೆ ಯಾವನು ಬರ್ತಾನೆ?" ಎನ್ನುತ್ತಿದ್ದಳು. ಬಹಳ ವರ್ಷ ಇದನ್ನು ಅವಳ ಕರುಣೆ ಎಂದುಕೊಂಡಿದ್ದೆ. ಕರುಣೆಯೂ ಇತ್ತು. ಆದರೆ ಅದರ ಕೆಳಗೆ ಬೇರೊಂದು ಇತ್ತು.

ಅವಳ ಆಳುಗಳನ್ನು ಮುಟ್ಟಿದವರಿಗೆ ಗತಿಯಿರಲಿಲ್ಲ. ಒಂದು ಸರ್ಕಸ್ಸಿನ ಮ್ಯಾನೇಜರು ದಾರಿಗೆ ಅಡ್ಡ ಬಂದಳೆಂದು ಗುಡಿಸುವ ಮುದುಕಿಯೊಬ್ಬಳನ್ನು ತಳ್ಳಿದ. ಚೌಡಮ್ಮ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ಒಬ್ಬರೂ ಬರಲಿಲ್ಲ. ಪ್ರಾಣಿಗಳಿಗೆ ನೀರಿಲ್ಲ, ಕಣದಲ್ಲಿ ಕುದುರೆ ಓಡಿದರೆ ಧೂಳು, ಡೇರೆಯ ಹಿಂದೆ ಲದ್ದಿಯ ರಾಶಿ. ಮ್ಯಾನೇಜರು ಜಟಕಾ ಮಾಡಿಕೊಂಡು ಕೇರಿಗೆ ಬಂದ. ಆ ಮುದುಕಿ ತನ್ನ ಬಾಗಿಲಲ್ಲಿ ಕೂತು ಎಲೆ ಹಾಕಿಕೊಂಡು, ಉಗಿದು, ಇನ್ನೊಂದು ಎಲೆ ಹಾಕಿಕೊಂಡು ಮುಗಿಸುವವರೆಗೂ ಅವನು ಕೈಮುಗಿದುಕೊಂಡು ನಿಂತಿದ್ದ. ಚೌಡಮ್ಮ ಎದುರು ಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಹಬ್ಬದೂಟ ಉಂಡವಳ ಮುಖವಿತ್ತು ಅವಳಿಗೆ.

ನನಗೆ ಅವಳ ಪರಿಚಯವಾದ ಬಗೆ ಬೇರೆ. ನಾನು ಅವಳ ಮನೆಗೆ ಮೊದಲ ಸಲ ಹೋದದ್ದು ಅವಳ ಗಂಡನಿಗೆ ಶಾಪ ಹಾಕಲು.

ಆಗ ನನಗೆ ಇಪ್ಪತ್ತರ ಆಸುಪಾಸು. ಶಿವಮೊಗ್ಗದಲ್ಲಿ ಹೊಳೆಯ ಕಡೆಯ ಬಯಲಿನಲ್ಲಿ ದೊಡ್ಡ ಕುಸ್ತಿ. ನಡೆಸುತ್ತಿದ್ದವನು ಕಂಟ್ರಾಕ್ಟರ್ ವೆಂಕಟಪತಿ. ರೇಷ್ಮೆ ರುಮಾಲು, ಬೆಳ್ಳಿ ಹಿಡಿಯ ಕೋಲು, ಎಲ್ಲರ ಹೆಗಲ ಮೇಲೂ ಕೈ ಹಾಕಿ ಮಾತಾಡುವ ಮನುಷ್ಯ. ಗ್ಯಾಲರಿ ಕಟ್ಟಿದವನು ಚೌಡಮ್ಮನ ಗಂಡ ಹನುಮಂತಪ್ಪ. ನಾನು ಮೇಲಿನಿಂದ ಮೂರೋ ನಾಲ್ಕೋ ಸಾಲು ಕೆಳಗೆ ಕೂತಿದ್ದೆ. ಎರಡನೆಯ ಜೋಡಿ ಕಣಕ್ಕಿಳಿದಾಗ ಜನ ಒಟ್ಟಿಗೆ ಎದ್ದು ನಿಂತರು. ಬಿದಿರು ಸೀಳಿದ ಸದ್ದು ಕೇಳಿತು, ಆಮೇಲೆ ನಾವು ಎಲ್ಲರೂ ಒಂದೇ ಕಡೆಗೆ ವಾಲಿದೆವು. ನನ್ನ ಎಡಮಂಡಿಯ ಮೇಲೆ ಒಂದು ಕಂಬ ಬಿತ್ತು. ಗ್ಯಾಲರಿಯ ಕೆಳಗೆ ಸೋಡಾ ಅಂಗಡಿ ಇಟ್ಟಿದ್ದ ಇಮಾಮ್ ಸಾಬರು ಅಲ್ಲೇ ತೀರಿಕೊಂಡರು. ಹನುಮಂತಪ್ಪನೂ ಆ ಹೊತ್ತಿಗೆ ಕೆಳಗೇ ಇದ್ದ. ಅವನ ಬೆನ್ನು ಮುರಿಯಿತು, ತಲೆಗೆ ಬಿದ್ದ ಪೆಟ್ಟಿಗೆ ಮಾತೂ ಹೋಯಿತು.

ಪೊಲೀಸರು ಬಂದರು, ವಿಚಾರಣೆಯಾಯಿತು. ಮೇಸ್ತ್ರಿ ಕುಡಿದು ಕಟ್ಟಿದ್ದ ಎಂದು ವೆಂಕಟಪತಿ ಹೇಳಿದ. ಹನುಮಂತಪ್ಪ ಕುಡಿಯುತ್ತಿದ್ದದ್ದು ಊರಿಗೆಲ್ಲ ಗೊತ್ತು. ಹೆಂಡದಂಗಡಿಯವನೇ ಸಾಕ್ಷಿ. ಮಾತು ಅಲ್ಲಿಗೆ ಮುಗಿಯಿತು. ಮೇಸ್ತ್ರಿ ನಾಲಿಗೆ ಬಿದ್ದುಹೋಗಿ ಮಲಗಿದ್ದ, ಉತ್ತರ ಹೇಳುವವರಿರಲಿಲ್ಲ.

ನನಗೆ ಅರ್ಧ ವರ್ಷ ಹಾಸಿಗೆ. ಎದ್ದಾಗ ಎಡಗಾಲು ಮಡಿಸಲು ಬರುತ್ತಿರಲಿಲ್ಲ. ನಿಶ್ಚಯವಾಗಿದ್ದ ಹುಡುಗಿಯ ಕಡೆಯವರು ಬೇರೆ ಕಡೆ ನೋಡಿಕೊಂಡರು. ಕೋಲು ಊರಿಕೊಂಡು ಓಡಾಡುವಷ್ಟಾದ ಮೊದಲ ದಿನವೇ ಹನುಮಂತಪ್ಪನ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಚೌಡಮ್ಮ ನಿಂತಿದ್ದಳು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕುಡುಕ, ಕೊಲೆಗಾರ, ಹುಳ ಬಿದ್ದು ಸಾಯಲಿ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇಲ್ಲಿ ನಿಂತು ಬೈದ್ರೆ ಅವ್ರಿಗೆ ಕೇಳಲ್ಲ ತಮ್ಮ. ಒಳಗೆ ಬಾ. ಎದುರಿಗೆ ಬೈ."

ಒಳಗೆ ಚಾಪೆಯ ಮೇಲೆ ಒಂದು ಆಕಾರ ಬಿದ್ದಿತ್ತು. ಕಣ್ಣು ಮಾತ್ರ ಅಲ್ಲಾಡುತ್ತಿತ್ತು. ಆ ಕಣ್ಣು ನನ್ನ ಕೋಲಿನ ಮೇಲೆ, ಕಾಲಿನ ಮೇಲೆ, ಮತ್ತೆ ನನ್ನ ಮುಖದ ಮೇಲೆ ಹೋಗಿ, ನೀರು ಸುರಿಸತೊಡಗಿತು. ಚೌಡಮ್ಮ ನನ್ನನ್ನು ಕೂರಿಸಿ ನಡೆದದ್ದನ್ನು ಹೇಳಿದಳು. ಗ್ಯಾಲರಿಯ ಕಂಬದಿಂದ ಕಂಬಕ್ಕೆ ಓರೆಯಾಗಿ ಅಡ್ಡಬಿದಿರು ಬಿಗಿಯುತ್ತಾರೆ. ಮೇಲಿನ ಭಾರ ತಡೆಯುವುದು ಅದೇ. ಕುಸ್ತಿಯ ದಿನ ಬೆಳಗ್ಗೆ ವೆಂಕಟಪತಿ ಬಂದು, ಗ್ಯಾಲರಿಯ ಕೆಳಗೆ ಅಂಗಡಿಗಳನ್ನು ಇಡಿಸಬೇಕು, ಜನ ಓಡಾಡಲು ಜಾಗವಾಗಬೇಕು, ಅಡ್ಡಬಿದಿರುಗಳನ್ನು ಬಿಚ್ಚು ಎಂದ. ಬಿಚ್ಚಿದರೆ ಬೀಳುತ್ತದೆ ಎಂದು ಹನುಮಂತಪ್ಪ ಹೇಳಿದ. ನಾನು ಹೇಳಿದಷ್ಟು ಮಾಡು ಎಂದ ವೆಂಕಟಪತಿ. ಇವನು ಬಿಚ್ಚಿದ. ಹನುಮಂತಪ್ಪ ಅಂದು ಒಂದು ತೊಟ್ಟೂ ಕುಡಿದಿರಲಿಲ್ಲ. ಆ ಮಾತು ನಡೆದಾಗ ಅವರಿಬ್ಬರನ್ನು ಬಿಟ್ಟು ಮತ್ಯಾರೂ ಅಲ್ಲಿರಲಿಲ್ಲ. ಗಂಡ ಮಧ್ಯಾಹ್ನ ಊಟಕ್ಕೆ ಬಂದವನು ಇದನ್ನು ಹೆಂಡತಿಗೆ ಹೇಳಿ ಹೋಗಿದ್ದ, ಅಷ್ಟೇ. ಹೆಂಡತಿಯ ಮಾತು ಸಾಕ್ಷಿಯಾಗುವುದಿಲ್ಲ.

ಅವಳು ಹೇಳಿದ್ದನ್ನು ನಾನು ಹೇಗೆ ನಂಬಿದೆನೋ ಗೊತ್ತಿಲ್ಲ. ಆ ಕಣ್ಣುಗಳಿಂದಿರಬೇಕು. ಮನೆಗೆ ಹೋಗುವ ಹೊತ್ತಿಗೆ ನನ್ನ ಶಾಪವೆಲ್ಲ ವಿಳಾಸ ಬದಲಾಯಿಸಿತ್ತು.

ಹನುಮಂತಪ್ಪ ಮುಂದಿನ ಬೇಸಿಗೆ ಕಾಣಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಚೌಡಮ್ಮ ಗಂಡನ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಇಳಿದಳು. ಹೆಂಗಸು ಗ್ಯಾಲರಿ ಕಟ್ಟಿಸುವುದುಂಟೇ ಎಂದು ನಕ್ಕರು, ಅದೂ ಬಿದ್ದ ಗ್ಯಾಲರಿಯವನ ಹೆಂಡತಿ. ಅದಕ್ಕವಳು ಒಂದು ಪದ್ಧತಿ ಮಾಡಿದಳು. ಬಾಗಿಲು ತೆಗೆಯುವ ಮೊದಲು ತನ್ನ ಆಳುಗಳನ್ನೆಲ್ಲ ಗ್ಯಾಲರಿ ತುಂಬ ಕೂರಿಸಿ, ಎಬ್ಬಿಸಿ, ಕುಣಿಸುತ್ತಿದ್ದಳು. ಆಟ ನಡೆಸುವ ಯಜಮಾನನೂ ಅವರ ಜೊತೆ ಮೇಲಿನ ಸಾಲಿನಲ್ಲಿ ಕೂರಬೇಕು. ಮೊದಮೊದಲು ಯಜಮಾನರು ಗೊಣಗಿದರು. ಆಮೇಲೆ ಜನರಿಗೆ ಇದೇ ಒಂದು ನೋಟವಾಗಿ, ಯಜಮಾನರೂ ನಗುತ್ತ ಹತ್ತಿ ಕೂರತೊಡಗಿದರು. ಅವಳು ಕಟ್ಟಿದ್ದು ಒಂದೂ ಬೀಳಲಿಲ್ಲ.

ವೆಂಕಟಪತಿಯ ಕೆಲಸವೊಂದನ್ನು ಬಿಟ್ಟು ಎಲ್ಲರ ಕೆಲಸವನ್ನೂ ಅವಳು ಒಪ್ಪಿಕೊಂಡಳು. ಅವನು ಅವಳನ್ನು ಕೇಳಲೂ ಇಲ್ಲ. ಅವನಿಗೆ ಅವನದೇ ಆಳುಗಳಿದ್ದರು. ಮಳೆಗಾಲದಲ್ಲಿ ಚೌಡಮ್ಮ ಗೊರಬು ಹೊದ್ದು ಹೋಗುತ್ತಿದ್ದದ್ದು ಮುಖ್ಯವಾಗಿ ಅವರ ಮನೆಗಳಿಗೆ ಎಂಬುದು ನನಗೆ ತಡವಾಗಿ ತಿಳಿಯಿತು. ಒಂದೊಂದು ಮಳೆಗಾಲ ಕಳೆದಂತೆ ವೆಂಕಟಪತಿಯ ಕಡೆಯಿಂದ ಒಂದೊಂದು ಮನೆ ಇವಳ ಕಡೆಗೆ ಬಂತು. ಅವಳು ಯಾರಿಗೂ ಅವನ ಬಗ್ಗೆ ಒಂದು ಕೆಟ್ಟ ಮಾತು ಹೇಳಲಿಲ್ಲ. ಇಮಾಮ್ ಸಾಬರ ಮಗ ಬಾಷಾ, ತಂದೆ ಸತ್ತ ಮೇಲೆ ಸೋಡಾ ಬಂಡಿ ತಳ್ಳುತ್ತಿದ್ದವನು, ಅವನೂ ಬಂದ. ಬಾಷಾ ಮಾತು ಕಡಿಮೆಯ ಮನುಷ್ಯ. ಅವನೂ ಅವಳೂ ಒಟ್ಟಿಗೆ ಕೂತು ಹಗ್ಗ ಹೊಸೆಯುವಾಗ ನೋಡಿದರೆ ತಾಯಿ ಮಗನೆಂದುಕೊಳ್ಳಬೇಕು.

ಎರಡನೆಯ ಮಹಾಯುದ್ಧ ಶುರುವಾಗಿ ಒಂದೆರಡು ವರ್ಷವಾಗಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ. ಯುದ್ಧದ ನಿಧಿಗಾಗಿ ಭದ್ರಾವತಿಯಲ್ಲಿ ದೊಡ್ಡ ಕುಸ್ತಿ ಏರ್ಪಾಡಾಯಿತು. ಬೆಂಗಳೂರಿನಿಂದ ಅಧಿಕಾರಿಗಳು ಬರುವವರಿದ್ದರು. ಊರಿನ ಹಿರಿಯರ ಸಮಿತಿ ಅದನ್ನು ವೆಂಕಟಪತಿಗೆ ವಹಿಸಿತು. ಅವನಿಗೆ ಅದು ಬರಿಯ ಕುಸ್ತಿಯಲ್ಲ, ಅಧಿಕಾರಿಗಳ ಕಣ್ಣಿಗೆ ಬಿದ್ದರೆ ಬಿರುದು ಸಿಗಬಹುದೆಂಬ ಆಸೆ. ಆದರೆ ಆಳುಗಳಿಗಾಗಿ ನೋಡಿದರೆ ಒಬ್ಬರೂ ಇಲ್ಲ. ಗಂಡಸರಲ್ಲಿ ಕೆಲವರು ಸೈನ್ಯಕ್ಕೆ, ಕೆಲವರು ಕಾರ್ಖಾನೆಯ ಹೆಚ್ಚಿನ ಪಾಳಿಗೆ. ಉಳಿದವರನ್ನು ಯಾರನ್ನು ಕೇಳಿದರೂ, ಚೌಡಕ್ಕ ಹೇಳಿದರೆ ಬರ್ತೀವಿ ಎಂಬ ಒಂದೇ ಮಾತು.

ಅವನು ಅವಳ ಮನೆಗೆ ಬಂದ ದಿನ ನಾನು ಅಲ್ಲಿದ್ದೆ. ಚೌಡಮ್ಮ ಚಾಪೆ ಹಾಸಿ, ತಂಬಿಗೆಯಲ್ಲಿ ನೀರು, ಬೆಲ್ಲ ತಂದಿಟ್ಟಳು. ಹನುಮಂತಪ್ಪ ಮಲಗಿದ್ದ ಜಾಗದಲ್ಲೇ ಚಾಪೆ ಹಾಸಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

"ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡ ಚೌಡಮ್ಮ. ದೊಡ್ಡ ದೊಡ್ಡೋರು ಬರೋ ಕಾರ್ಯ. ನನ್ನ ಮರ್ಯಾದೆ ನಿನ್ನ ಕೈಲಿದೆ ಅಂತ ತಿಳ್ಕೊ" ಎಂದ.

"ನನ್ನ ಕೈಲಿ ಕೊಟ್ರಲ್ಲ ಸಾಹುಕಾರ್ರೇ, ಅಷ್ಟು ಸಾಕು" ಎಂದಳು.

ತನ್ನ ಪದ್ಧತಿಯನ್ನು ನೆನಪಿಸಿದಳು. ಭಾರ ನೋಡುವಾಗ ಅವನು ಮೇಲಿನ ಸಾಲಿನಲ್ಲಿ ಕೂರಬೇಕು. ಇಷ್ಟು ದೊಡ್ಡ ಕಾರ್ಯವಾದ್ದರಿಂದ ಜನಕ್ಕೆ ಧೈರ್ಯ ಬರಲಿ, ಕುಸ್ತಿ ಮುಗಿಯುವವರೆಗೂ ಅಲ್ಲೇ ಕೂತಿರಬೇಕು. ಅವನು ನಕ್ಕು ಒಪ್ಪಿಕೊಂಡ. ಸರ್ಕಸ್ಸಿನವರೇ ಹತ್ತಿ ಕೂತಿದ್ದಾರೆ, ನನಗೇನು ಎಂದ. ಅವನು ಹೋದ ಮೇಲೆ ಆ ತಂಬಿಗೆಯನ್ನು ಅವಳು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದಳು.

ಕಾರ್ಖಾನೆಯ ಆಚೆಯ ಬಯಲಿನಲ್ಲಿ ಗ್ಯಾಲರಿ ಎದ್ದಿತು. ಅಷ್ಟು ಎತ್ತರದ್ದನ್ನು, ಅಷ್ಟು ಗಟ್ಟಿಯಾದದ್ದನ್ನು ಅವಳು ಹಿಂದೆಂದೂ ಕಟ್ಟಿಸಿರಲಿಲ್ಲ. ಪ್ರತಿಯೊಂದು ಗಂಟನ್ನೂ ತಾನೇ ಎಳೆದು ನೋಡಿದಳು. ಕಣಕ್ಕೆ ಕೆಮ್ಮಣ್ಣು ಹಾಕಿ, ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ ಹದ ಮಾಡಿದ್ದರು. ಕುಸ್ತಿಯ ದಿನ ಮಧ್ಯಾಹ್ನ, ಬಾಗಿಲು ತೆಗೆಯುವ ಮೊದಲು, ಸಮಿತಿಯ ಹಿರಿಯರೂ ಬಂದೋಬಸ್ತಿನ ಪೊಲೀಸರೂ ಕಣದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಆಳುಗಳು ಸಾಲಾಗಿ ಹತ್ತಿದರು. ವೆಂಕಟಪತಿ ಹೊಸ ರುಮಾಲು ಸುತ್ತಿ, ಕೈಬೀಸುತ್ತ ಮೇಲಿನ ಸಾಲಿಗೆ ಹೋಗಿ ಕೂತ. ಅವನ ಮಗ್ಗುಲಲ್ಲಿ ಬಾಷಾ ಕೂತ. ನನ್ನ ಕಾಲಿಗೆ ಹತ್ತಲು ಬಾರದು, ನಾನು ಕೆಳಗೆ ಚೌಡಮ್ಮನ ಪಕ್ಕ ನಿಂತಿದ್ದೆ.

ಏಳಿ ಎಂದಳು, ಎಲ್ಲರೂ ಎದ್ದರು. ಕೂರಿ ಎಂದಳು, ಕೂತರು. ಬಿದಿರು ಎಂದಿನಂತೆ ಕಿರುಗುಟ್ಟಿತು. ಆಮೇಲೆ ಅವಳು ಬದಿಗೆ ನಿಂತಿದ್ದ ಗಂಡಸರಿಗೆ ಸನ್ನೆ ಮಾಡಿದಳು. ಅವರು ಮರದ ಕೊಡತಿಗಳನ್ನು ಹಿಡಿದು ಗ್ಯಾಲರಿಯ ಕೆಳಗೆ ನುಗ್ಗಿದರು. ಮರದ ಮೇಲೆ ಮರ ಬೀಳುವ ಸದ್ದು ಕೆಳಗಿನಿಂದ ಕೇಳತೊಡಗಿತು. ಏಟು ಬಿದ್ದಂತೆಲ್ಲ ಮೇಲಿನ ಸಾಲು ಅದುರುತ್ತಿತ್ತು. ಏನದು ಸದ್ದು ಎಂದು ವೆಂಕಟಪತಿ ಬಾಷಾನನ್ನು ಕೇಳಿದ. ಬಾಷಾ ಏನು ಹೇಳಿದನೆಂಬುದನ್ನು ಅವರ ಮುಂದಿನ ಸಾಲಿನ ಹೆಂಗಸರು ನನಗೆ ಆಮೇಲೆ ಹೇಳಿದರು.

"ಅಡ್ಡಬಿದ್ರು ಬಿಚ್ತಿರ್ಬೇಕು ಸಾಹುಕಾರ್ರೇ. ಕೆಳಗೆ ಜಾಗ ಆಗ್ಲಿ ಅಂತ."

ವೆಂಕಟಪತಿ ಎದ್ದು ನಿಂತ. ಅವನ ಕೋಲು ಕೈಜಾರಿ ಸಾಲು ಸಾಲಾಗಿ ಬಡಿಯುತ್ತ ಕೆಳಗೆ ಬಂತು. "ಬಿಚ್ಚಬೇಡ್ರೋ, ಅಡ್ಡಬಿದ್ರು ಬಿಚ್ಚಬೇಡಿ, ಬೀಳುತ್ತೆ" ಎಂದು ಕೂಗಿದ. ಆ ಧ್ವನಿ ಅವನದಲ್ಲ ಎನಿಸುವಂತಿತ್ತು.

ಚೌಡಮ್ಮ ಕೈಯೆತ್ತಿದಳು. ಕೊಡತಿಗಳು ನಿಂತವು.

"ಬಿಚ್ಚಿದ್ರೆ ಬೀಳುತ್ತೆ ಅಂತ ನಿಮಗ್ಯಾರು ಹೇಳಿದ್ರು ಸಾಹುಕಾರ್ರೇ?" ಎಂದು ಕೆಳಗಿನಿಂದ ಕೇಳಿದಳು. ಸಂತೆಯಲ್ಲಿ ಬೆಲೆ ಕೇಳುವಷ್ಟು ಸಹಜವಾಗಿ.

"ಹನುಮಂತ ಹೇಳಿದ್ದ. ಅವತ್ತೇ ಹೇಳಿದ್ದ."

ಹೇಳಿದ ಮೇಲೆ ತಾನು ಏನು ಹೇಳಿದೆನೆಂಬುದು ಅವನಿಗೇ ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದ. ಗ್ಯಾಲರಿಯಲ್ಲಿದ್ದವರಲ್ಲಿ ಅರ್ಧ ಜನ ಶಿವಮೊಗ್ಗದವರು, ಹನುಮಂತಪ್ಪನ ಕೇರಿಯವರೇ. ಹನುಮಂತ ಕುಡಿದು ಕಟ್ಟಿದ ಎಂದು ಅಷ್ಟು ವರ್ಷ ನಂಬಿದ್ದವರು, ಅವನ ಹೆಣಕ್ಕೆ ಹೆಗಲು ಕೊಡಲು ಬಾರದವರೂ ಅವರಲ್ಲಿದ್ದರು. ಅವರೆಲ್ಲ ಕತ್ತು ತಿರುಗಿಸಿ ಮೇಲಿನ ಸಾಲನ್ನು ನೋಡಿದರು. ಸಮಿತಿಯ ಹಿರಿಯರೊಬ್ಬರು ಕುರ್ಚಿಯಿಂದ ಎದ್ದು, ಮತ್ತೆ ಕೂತರು.

"ಯಾರೂ ಏನೂ ಬಿಚ್ತಿಲ್ಲ. ಬೆಣೆ ಬಿಗಿ ಮಾಡ್ತಿದ್ದಾರೆ. ನೀವು ಕೂತ್ಕೊಳಿ" ಎಂದಳು ಚೌಡಮ್ಮ.

ಅವನು ಇಳಿಯಲು ನೋಡಿದ. ಮುಂದಿನ ಸಾಲಿನವರು ಕಾಲು ಸರಿಸಲಿಲ್ಲ. ಯಾರೂ ಅವನನ್ನು ಮುಟ್ಟಲಿಲ್ಲ, ಬೈಯಲಿಲ್ಲ. ಕುಸ್ತಿ ಮುಗಿಯುವವರೆಗೂ ಎಂದು ಮಾತಾಗಿದೆಯಲ್ಲ ಎಂದು ಬಾಷಾ ನೆನಪಿಸಿದ. ಅಷ್ಟರಲ್ಲಿ ಅಧಿಕಾರಿಗಳ ಮೋಟಾರು ಬಂತು, ಬಾಗಿಲು ತೆಗೆದರು.

ಗೇಟಿನಲ್ಲಿ ಟಿಕೆಟ್ಟು ಹರಿಯುತ್ತ, ಪರಿಚಯದ ಮುಖಗಳಿಗೆಲ್ಲ ನಾನೇ ಸುದ್ದಿ ಹೇಳಿದೆ. ನೀರು ಕೊಡುವವರು ನೀರು ಕೊಡುತ್ತ ಹೇಳಿದರು, ಚಪ್ಪಲಿ ಕಾಯುವವರು ಚಪ್ಪಲಿ ಇಸಿದುಕೊಳ್ಳುತ್ತ ಹೇಳಿದರು. ಒಳಗೆ ಬಂದವರು ಕಣದ ಕಡೆ ನೋಡುವ ಮೊದಲು ಗ್ಯಾಲರಿಯ ತುದಿಯನ್ನು ನೋಡುತ್ತಿದ್ದರು. ಒಂದೊಂದು ಜೋಡಿಯ ಕುಸ್ತಿ ಮುಗಿದಾಗಲೂ ಅಷ್ಟೂ ತಲೆಗಳು ಮೇಲಕ್ಕೆ ತಿರುಗುತ್ತಿದ್ದವು. ಜನ ಯಾರನ್ನು ನೋಡುತ್ತಿದ್ದಾರೆ ಎಂದು ಅಧಿಕಾರಿಗಳು ಕೇಳಿದರಂತೆ, ಸಮಿತಿಯವರು ಅವರಿಗೂ ಹೇಳಿದರಂತೆ. ಬಾಷಾ ಕೆಳಗಿನಿಂದ ಒಂದು ಸೋಡಾ ತರಿಸಿ, ಗೋಲಿ ಒತ್ತಿ, ಕುಡೀರಿ ಸಾಹುಕಾರ್ರೇ ಎಂದು ಅವನ ಮುಂದೆ ಹಿಡಿದ. ಅವನು ತೆಗೆದುಕೊಳ್ಳಲಿಲ್ಲ. ಬಾಷಾ ಅದನ್ನು ಹಾಗೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ಯಾವ ಪೈಲ್ವಾನ ಯಾರನ್ನು ಚಿತ್ ಮಾಡಿದನೆಂದು ಕೇಳಿದರೆ ನನಗೆ ನೆನಪಿಲ್ಲ. ಆ ಸೋಡಾ ಶೀಸೆ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದೆ. ಅಂದಿನಷ್ಟು ಸುಖ ನನ್ನ ಮದುವೆಯ ದಿನವೂ ಆಗಲಿಲ್ಲ.

ಕಾನೂನು ಅವನನ್ನು ಏನೂ ಮಾಡಲಿಲ್ಲ. ಹಳೆಯ ವಿಚಾರಣೆಯನ್ನು ಯಾರು ಕೆದಕುತ್ತಾರೆ? ಆದರೆ ಎರಡೂ ಊರಿನಲ್ಲಿ ಅವನ ಕಡೆ ಒಂದು ಗೂಟ ಹೊಡೆಯಲು ಒಬ್ಬ ಆಳು ಹೋಗಲಿಲ್ಲ. ಸಮಿತಿಗಳು ಅವನನ್ನು ಕರೆಯಲಿಲ್ಲ. ಬಿರುದು ಬರಲಿಲ್ಲ. ಹೆಗಲ ಮೇಲೆ ಕೈ ಹಾಕಲು ಬಂದರೆ ಜನ ಹೆಗಲು ಸರಿಸಿಕೊಳ್ಳುತ್ತಿದ್ದರು. ಮಗಳ ಮದುವೆಗೆ ಚಪ್ಪರ ಹಾಕಿಸಲು ದೂರದ ಊರಿನಿಂದ ಜನ ಕರೆಸಿದನೆಂದು ಕೇಳಿದೆ.

ಈಗ ಸಮಾಧಾನವಾಯಿತೇ ಎಂದು ಚೌಡಮ್ಮನನ್ನು ಕೇಳಿದೆ. ಗ್ಯಾಲರಿ ಬಿಚ್ಚಿ, ಗಳ ಹೊರೆ ಕಟ್ಟಿ ಗಾಡಿಗೆ ಹೇರಿಸುತ್ತಿದ್ದಳು.

"ಎಲ್ಲಿಯ ಸಮಾಧಾನ ಮಾರಾಯ? ಅವ್ನು ಮನೆಗೆ ನಡ್ಕೊಂಡು ಹೋದ" ಎಂದಳು.

ಒಮ್ಮೆ ವೆಂಕಟಪತಿ ಕಾಯಿಲೆ ಬಿದ್ದು, ಚೌಡಮ್ಮ ಬಂದು ಒಂದು ಮಾತು ಹೇಳಿ ಹೋಗಲಿ ಎಂದು ಹೇಳಿಕಳಿಸಿದ. ಹೋಗಲಿಲ್ಲ. ನಾನು ಕ್ಷಮಿಸಿದರೆ ಅವನು ಸುಖವಾಗಿ ಸಾಯುತ್ತಾನೆ, ನನಗೆ ಅದರಿಂದೇನು ಎಂದಳು. ಅವನು ಆ ಸಲ ಸಾಯಲಿಲ್ಲ.

ಯುದ್ಧ ಮುಗಿದ ಮೇಲೆ ಅವಳಿಗೆ ಕೈಲಾಗದಾಯಿತು. ಭದ್ರಾವತಿಯ ಜನ್ನಾಪುರದಲ್ಲಿ ತಮ್ಮನ ಮಗಳ ಮನೆ ಸೇರಿಕೊಂಡಳು. ಮೇಸ್ತ್ರಿಗಿರಿಯನ್ನು ಬಾಷಾನಿಗೆ ಬಿಟ್ಟುಕೊಟ್ಟಿದ್ದಳು. ಒಂದು ಮಧ್ಯಾಹ್ನ ನೋಡಲು ಹೋದೆ. ಗೋಡೆಗೊರಗಿ ಕೂತಿದ್ದಳು, ಮೈ ಅರ್ಧವಾಗಿತ್ತು. ಅಂಗಡಿಯ ಸುದ್ದಿ, ನನ್ನ ಮಕ್ಕಳ ಸುದ್ದಿ ಕೇಳಿದಳು. ಗಂಡನ ಸೇಡು ನಿನ್ನಷ್ಟು ಚೆನ್ನಾಗಿ ತೀರಿಸಿದ ಹೆಂಡತಿಯನ್ನು ನಾನು ಪುರಾಣದಲ್ಲೂ ಕೇಳಿಲ್ಲ ಎಂದೆ, ಅವಳಿಗೆ ಹಿತವಾಗಲಿ ಎಂದು. ಅವಳ ಮುಖ ಗಂಟಿಕ್ಕಿತು.

"ಅವ್ನ ಸೇಡು ನಾನ್ಯಾಕೆ ತೀರಿಸ್ಲಿ? ನನ್ನ ಸೇಡು ತೀರಿಸ್ಕೊಂಡೆ" ಎಂದಳು. ಆಮೇಲೆ ಯಾರಿಗೂ ಹೇಳದ್ದನ್ನು ಹೇಳಿದಳು. ಹನುಮಂತಪ್ಪ ಮಲಗಿದ್ದಷ್ಟು ಕಾಲವೂ, ದಿನಾ ಗಂಜಿ ಕುಡಿಸುವಾಗ, ಅವಳು ಅವನಿಗೆ ಒಂದೇ ಮಾತು ಹೇಳುತ್ತಿದ್ದಳಂತೆ: ಬೀಳುತ್ತೆ ಅಂತ ಗೊತ್ತಿದ್ದೂ ನಿನ್ನ ಕೈಯಾರೆ ಬಿಚ್ಚಿದೆಯಲ್ಲ. ಅವನು ಉತ್ತರ ಹೇಳಲಾರ. ಅಳುತ್ತಿದ್ದ. ಅವಳು ಕಣ್ಣು ಒರೆಸಿ, ಇನ್ನೊಂದು ಗುಟುಕು ಕುಡಿಸಿ, ಮತ್ತೆ ಅದನ್ನೇ ಹೇಳುತ್ತಿದ್ದಳು. ಕೊನೆಯ ದಿನವೂ ಹೇಳಿದ್ದಳು.

"ಪ್ರೀತಿ ಇರಲಿಲ್ಲ ಅಂತಲ್ಲ ತಮ್ಮ. ಅದೇ ಬೇರೆ, ಇದೇ ಬೇರೆ. ಈಗ ಮೇಲಕ್ಕೆ ಹೋದಾಗ ಮೊದ್ಲು ಅವ್ನನ್ನೇ ವಿಚಾರಿಸ್ಕೋಬೇಕು. ಅ‍ಲ್ಲೂ ಯಾರ್ದೋ ಮಾತು ಕೇಳ್ಕೊಂಡು ಏನೋ ಬಿಚ್ತಾ ಕೂತಿರ್ತಾನೆ."

ಹೊರಡುವಾಗ ನನ್ನ ಎಡಮಂಡಿಯ ಮೇಲೆ ಕೈಯಿಟ್ಟು, ನೋವಿದೆಯಾ ಎಂದಳು. ಚಳಿಗೆ ಬರುತ್ತದೆ ಎಂದೆ. ಮರೀಬೇಡ ಎಂದಳು. ಆ ಮಳೆಗಾಲದಲ್ಲೇ ಹೋದಳು. ಕೆಲಸವಿಲ್ಲದ ಕಾಲವಾದ್ದರಿಂದ ಎರಡೂ ಊರಿನ ಆಳುಗಳೆಲ್ಲ ಬಂದಿದ್ದರಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾಗಿ ಕೆಲವು ತಿಂಗಳಿಗೆ ಭದ್ರಾವತಿ ಸ್ಟೇಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯುತ್ತಿದ್ದೆ. ಬೆಂಚಿನ ಆಚೆ ತುದಿಯಲ್ಲಿದ್ದ ಮುದುಕ ನನ್ನ ಕಾಲನ್ನು ನೋಡಿ ಗುರುತು ಹಿಡಿದ. ವೆಂಕಟಪತಿ. ರುಮಾಲಿಲ್ಲ, ತಲೆಗೆ ಒಂದು ಟವೆಲ್ಲು. ಹತ್ತಿರ ಸರಿದು ಕೂತು, ಚೌಡಮ್ಮ ಹೋದಳಂತಲ್ಲ ಎಂದ. ಹೌದು ಎಂದೆ.

"ಸಾಯೋ ಮುಂಚೆ ನೀನು ನೋಡಿದ್ಯಂತೆ. ನನ್ನ ವಿಷಯ ಏನಾದ್ರೂ ಹೇಳಿದ್ಲಾ?"

ಅವಳು ಅಂದು ಅವನ ಹೆಸರನ್ನೂ ಎತ್ತಿರಲಿಲ್ಲ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ರೈಲು ಬಂದು ನಿಂತಿತು. ನಾನು ಕೋಲು ಊರಿ ಎದ್ದೆ.

"ಹೇಳಿದ್ಲು" ಎಂದೆ. ಡಬ್ಬಿ ಹತ್ತಿ ಅವನ ಕಡೆಗೆ ಬೆನ್ನು ಮಾಡಿ ಕೂತೆ. ಏನು ಹೇಳಿದಳು, ಏನು ಹೇಳಿದಳು ಎಂದು ಅವನು ಕಿಟಕಿಯ ಪಕ್ಕ ನಡೆಯುತ್ತ ಬಂದ. ರೈಲು ಹೊರಟಿತು.